ಓದು, ಅರಿವು ಮತ್ತು ಹೊಣೆ

‘ಓದು’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಅಕ್ಷರಗಳನ್ನು ಕಣ್ಣಿನಿಂದ ಹಿಡಿದು ಬಾಯಿಂದ ಬಿಡಿಸುವುದೂ ಓದು. ವಿದ್ಯೆಯನ್ನು ಸಂಪಾದಿಸುವುದೂ ಓದು. “ನಿಮ್ಮ ಮಗ ಎಷ್ಟು ಓದಿದ್ದಾನೆ?” ಎಂದು ಹಳ್ಳಿಯ ಹಿರಿಯರು ಕೇಳಿದಾಗ ಅವರು ಪುಟಗಳ ಲೆಕ್ಕವನ್ನು ಕೇಳುತ್ತಿಲ್ಲ, ಅವನು ಏನನ್ನು ತಿಳಿದು ಏನಾಗಿದ್ದಾನೆ ಎಂದು ಕೇಳುತ್ತಿದ್ದಾರೆ. ಅದೇ ಹಿರಿಯರ ಬಾಯಲ್ಲಿ ಓದಿ ಓದಿ ಮರುಳಾದ ಕೂಚಂಭಟ್ಟನ ಗಾದೆಯೂ ಇದೆ, ಪುಸ್ತಕದ ಬದನೆಕಾಯಿ ಎಂಬ ಮಾತೂ ಇದೆ. ಓದು ಅರಿವಿಗೆ ದಾರಿ, ಆದರೆ ಓದೇ ಅರಿವಲ್ಲ ಎಂಬ ಎರಡು ಸತ್ಯಗಳನ್ನೂ ನಮ್ಮ ಜನ ಏಕಕಾಲಕ್ಕೆ ಬಲ್ಲರು. ಈ ಹಳೆಯ ವಿಚಾರವು ಇಂದು ಹೊಸ ರೂಪವನ್ನು ತಾಳಿ ನಮ್ಮ ಮುಂದೆ ನಿಂತಿದೆ. ಇಂದು ಮನುಷ್ಯನಷ್ಟೇ ಅಲ್ಲ, ಅವನು ನಿರ್ಮಿಸಿದ ಗಣಕಯಂತ್ರವೂ ಓದತೊಡಗಿದೆ. ಹಾಗೆ ಓದಿದ ಯಂತ್ರವು ಅರಿಯಿತೆಂದು ಹೇಳಬಹುದೇ? ಹೇಳಲಾಗದಿದ್ದರೆ, ಅದಕ್ಕೂ ನಮಗೂ ಇರುವ ಭೇದವೇನು? ವಾಚಕರೆ, ಈ ಪ್ರಶ್ನೆಯನ್ನು ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂಬುದು ನಮ್ಮ ಇಚ್ಛೆ.

ಮೊದಲು ಸಂಗತಿಯನ್ನು ತಿಳಿಯೋಣ. ಯಂತ್ರಕ್ಕೆ ಜ್ಞಾನವನ್ನು ಕೊಡುವ ಪ್ರಯತ್ನಗಳು ಹಲವು ನಡೆದಿವೆ. 1984ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಡಗ್ಲಸ್ ಲೆನಟ್ ಎಂಬ ವಿಜ್ಞಾನಿಯು ‘ಸೈಕ್’ ಎಂಬ ಕಾರ್ಯವನ್ನು ಆರಂಭಿಸಿದರು. ಯಾರೂ ಹೇಳಿಕೊಡದೆ ಮನುಷ್ಯರೆಲ್ಲರಿಗೂ ತಿಳಿದಿರುವ ಸಾಮಾನ್ಯ ಸಂಗತಿಗಳನ್ನು ಒಂದೊಂದಾಗಿ ತರ್ಕದ ಭಾಷೆಯಲ್ಲಿ ಬರೆದು ಯಂತ್ರಕ್ಕೆ ಕೊಡುವುದು ಅದರ ಕ್ರಮ. ತಾಯಿಯು ಮಗುವಿಗೆ ತುತ್ತು ಮಾಡಿ ಉಣಿಸುವಂತೆ ಇದು. ವರ್ಷಗಟ್ಟಲೆ ಉಣಿಸಿದರೂ ಮುಗಿಯದ ಊಟ! ಲೋಕದ ಸಾಮಾನ್ಯ ಜ್ಞಾನವೆಂಬುದು ಅಷ್ಟು ಅಪಾರವಾದುದೆಂಬುದನ್ನು ಆ ಪ್ರಯತ್ನವು ತೋರಿಸಿಕೊಟ್ಟಿತು.

ಹಾಗಾದರೆ ಯಂತ್ರವೇ ಓದಿ ಕಲಿಯಲಿ ಎಂಬ ಆಲೋಚನೆ ಬೆಳೆಯಿತು. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ಸಂಗಡಿಗರು 2010ರ ಜನವರಿಯಲ್ಲಿ ಒಂದು ಗಣಕವನ್ನು ಓದಲು ಕೂರಿಸಿದರು. ಅದಕ್ಕೆ ‘ನೆಲ್’ ಎಂಬ ಹೆಸರು. ಎಂದೂ ನಿಲ್ಲಿಸದೆ ಭಾಷೆಯನ್ನು ಕಲಿಯುವಂಥದು ಎಂಬುದು ಆ ಹೆಸರಿನ ಅಭಿಪ್ರಾಯ. ನಗರ, ವ್ಯಕ್ತಿ, ಪಕ್ಷಿ, ಆಹಾರ ಮುಂತಾದ ನೂರಾರು ವರ್ಗಗಳನ್ನೂ, ಇವುಗಳ ನಡುವಣ ಸಂಬಂಧಗಳನ್ನೂ ಅದಕ್ಕೆ ಸೂಚಿಸಿ, ಒಂದೊಂದಕ್ಕೂ 10–15 ಉದಾಹರಣೆಗಳನ್ನು ಕೊಟ್ಟು, ಅಂತರಜಾಲದ ಸುಮಾರು 50 ಕೋಟಿ ಪುಟಗಳನ್ನು ಅದರ ಮುಂದಿಟ್ಟರು. ಹಗಲಿರುಳೂ ಅದು ಎರಡು ಕೆಲಸಗಳನ್ನು ಮಾಡಬೇಕು: ಓದಿ ಹೊಸ ಸಂಗತಿಗಳನ್ನು ಕೂಡಿಹಾಕಬೇಕು, ನಿನ್ನೆಗಿಂತ ಇಂದು ಚೆನ್ನಾಗಿ ಓದುವುದನ್ನು ಕಲಿಯಬೇಕು. ಅದರ ವಿಧಾನವು ಸರಳವಾದುದು. ಪಿಟ್ಸ್‌ಬರ್ಗ್ ಒಂದು ನಗರವೆಂದು ಅದಕ್ಕೆ ಗೊತ್ತು. ಆ ಹೆಸರಿನೊಡನೆ ‘ಇದರ ಮೇಯರ್’ ಎಂಬ ಮಾತು ಮತ್ತೆ ಮತ್ತೆ ಬರುವುದನ್ನು ಕಂಡು, ಮೇಯರ್ ಉಳ್ಳದ್ದು ನಗರವೆಂಬ ಸೂತ್ರವನ್ನು ಅದು ಕಟ್ಟಿಕೊಳ್ಳುತ್ತದೆ. ಆ ಸೂತ್ರದಿಂದ ಮತ್ತೆ ಹತ್ತು ನಗರಗಳನ್ನು ಗುರುತಿಸುತ್ತದೆ. ಒಂದೇ ಹೆಸರು ವ್ಯಕ್ತಿಯೂ ನಗರವೂ ಆಗಲಾರದೆಂಬಂಥ ನಿರ್ಬಂಧಗಳಿಂದ ತನ್ನ ಊಹೆಗಳನ್ನು ತಾನೇ ಒರೆಗೆ ಹಚ್ಚುತ್ತದೆ. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಅದು ಕೂಡಿಹಾಕಿದ ಸಂಗತಿಗಳು ಸುಮಾರು 3,90,000. ಅವುಗಳಲ್ಲಿ ನೂರಕ್ಕೆ 87 ಸರಿಯೆಂದು ಅಂದಾಜು. 50 ಕೋಟಿ ಪುಟಗಳಷ್ಟು ದೊಡ್ಡ ಗ್ರಂಥರಾಶಿಯನ್ನು ಓದಲು ಯಾವ ಮನುಷ್ಯನ ಆಯುಷ್ಯವೂ ಸಾಲದು. ಈ ಸಾಧನೆಯನ್ನು ಲಘುವಾಗಿ ಎಣಿಸುವುದು ಸಲ್ಲದು.

ಆದರೆ ಆ ಓದಿನ ನಡುವೆ ಒಂದು ತಮಾಷೆ ನಡೆಯಿತು. ‘ಕುಕಿ’ ಎಂದರೆ ಬಿಸ್ಕತ್ತಿನ ಜಾತಿಯ ತಿನಿಸು. ಅಂತರಜಾಲದ ತಾಣಗಳು ನಮ್ಮ ಗುರುತಿಗಾಗಿ ನಮ್ಮ ಗಣಕದಲ್ಲಿ ಇಟ್ಟುಹೋಗುವ ಸಣ್ಣ ದಾಖಲೆಗೂ ಕುಕಿ ಎಂದೇ ಹೆಸರು. ಒಲೆಯಲ್ಲಿ ಬೇಯಿಸಿದ ರೊಟ್ಟಿ ಕೇಕುಗಳನ್ನೆಲ್ಲ ಸರಿಯಾಗಿಯೇ ಗುರುತಿಸುತ್ತಿದ್ದ ನೆಲ್, ಈ ‘ಇಂಟರ್‌ನೆಟ್ ಕುಕಿ’ಯನ್ನೂ ಬೇಯಿಸಿದ ತಿನಿಸುಗಳ ಪಂಕ್ತಿಯಲ್ಲಿ ಕೂರಿಸಿತು. “ನಾನು ಕುಕಿಗಳನ್ನು ಅಳಿಸಿಹಾಕಿದೆ” ಎಂದು ಜನ ಬರೆಯುವುದುಂಟು. “ನಾನು ಫೈಲುಗಳನ್ನು ಅಳಿಸಿಹಾಕಿದೆ” ಎಂದೂ ಬರೆಯುವುದುಂಟು. ಆದಕಾರಣ ಫೈಲು ಕೂಡ ತಿನಿಸೇ ಎಂದು ಅದು ನಿರ್ಣಯಿಸಿತು! ಮೊದಲನೆಯ ತಪ್ಪು ಎರಡನೆಯದಕ್ಕೆ ಗುರುವಾಯಿತು. ಮೊದಲ ಆರು ತಿಂಗಳು ಬಹುಮಟ್ಟಿಗೆ ಅದನ್ನು ಅದರ ಪಾಡಿಗೆ ಬಿಟ್ಟಿದ್ದ ವಿಜ್ಞಾನಿಗಳು ಆಮೇಲೆ ಒಂದೊಂದು ವರ್ಗದ ಮೇಲೂ ಐದೈದು ನಿಮಿಷ ಕಣ್ಣಾಡಿಸಿ, ಎದ್ದುಕಾಣುವ ತಪ್ಪುಗಳನ್ನು ತಿದ್ದತೊಡಗಿದರು.

ಈ ಐದು ನಿಮಿಷವು ನಮ್ಮನ್ನು ಬಹುವಾಗಿ ಯೋಚನೆಗೆ ಹಚ್ಚಿದೆ. ತಿಂಗಳುಗಟ್ಟಲೆ ಓದಿದ ಯಂತ್ರಕ್ಕೆ ಕಾಣದ ತಪ್ಪು ಮನುಷ್ಯನಿಗೆ ಐದು ನಿಮಿಷದಲ್ಲಿ ಕಂಡದ್ದು ಹೇಗೆ? ಆತನು ಹೆಚ್ಚು ಓದಿದ್ದನೆಂದಲ್ಲ; ರೊಟ್ಟಿಯನ್ನು ತಿಂದಿದ್ದನೆಂದು. ಹಸಿವೆಂದರೇನೆಂದು ತಿಳಿದವನಿಗೆ ಫೈಲು ತಿನಿಸಲ್ಲವೆಂದು ಯಾವ ಗ್ರಂಥವೂ ಹೇಳಬೇಕಾಗಿಲ್ಲ. ಪುಸ್ತಕದ ಬದನೆಕಾಯಿಯನ್ನು ಪುಸ್ತಕದ ಬದನೆಕಾಯಿಯೆಂದು ಗುರುತಿಸಲು ತೋಟದ ಬದನೆಕಾಯಿಯನ್ನು ಒಮ್ಮೆಯಾದರೂ ಕಂಡಿರಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅದನ್ನು ಗೌರವದಿಂದ ಕೇಳಬೇಕು. “ಸ್ವಾಮಿಗಳೇ, ನೀವೂ ಬಹುಪಾಲು ಓದಿ ತಿಳಿದವರೇ ಅಲ್ಲವೆ? ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೀವು ಕಂಡಿರಾ? ಅನುಭವ ಮಂಟಪದಲ್ಲಿ ಕುಳಿತಿದ್ದಿರಾ? ಓದಿನಿಂದ ಬಂದ ನಿಮ್ಮ ತಿಳಿವಳಿಕೆ ಜ್ಞಾನವಾದರೆ, ಓದಿನಿಂದಲೇ ಬಂದ ಯಂತ್ರದ ತಿಳಿವಳಿಕೆ ಏಕೆ ಜ್ಞಾನವಲ್ಲ?” ಇದು ನ್ಯಾಯವಾದ ಆಕ್ಷೇಪ. ಪ್ರತ್ಯಕ್ಷವಾಗಿ ಕಂಡದ್ದನ್ನು ಮಾತ್ರ ನಂಬುವೆನೆಂದರೆ ನಮ್ಮಲ್ಲಿ ಯಾರಿಗೂ ತನ್ನ ಜನ್ಮದಿನವೂ ತಿಳಿಯುವಂತಿಲ್ಲ. ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಅಂಗೀಕರಿಸಿದುದು ಇದಕ್ಕಾಗಿಯೇ. ಆದರೆ ಎಂತಹ ಶಬ್ದ? ಆಪ್ತನಾದವನ ಶಬ್ದ. ಆಪ್ತನೆಂದರೆ ವಸ್ತುವನ್ನು ತಾನು ಸಾಕ್ಷಾತ್ತಾಗಿ ಕಂಡವನು, ಮತ್ತು ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಹೇಳಿರುವುದು ಮನನೀಯವಾಗಿದೆ. ಆಪ್ತತೆಯನ್ನು ನಿರ್ಣಯಿಸುವುದು ಕುಲವಲ್ಲ. ಕಂಡದ್ದಕ್ಕೂ ಆಡಿದ್ದಕ್ಕೂ ಇರುವ ನಿಷ್ಠೆ.

ಅಂತರಜಾಲದಲ್ಲಿ ಆಪ್ತನೂ ಇದ್ದಾನೆ, ಅನಾಪ್ತನೂ ಇದ್ದಾನೆ; ಇಬ್ಬರ ಅಕ್ಷರವೂ ಒಂದೇ ಆಕಾರದ್ದು. ಓದುವ ಯಂತ್ರವು ಆಪ್ತನನ್ನು ಹುಡುಕಲಾರದೆ ಬಹುಮಟ್ಟಿಗೆ ಸಂಖ್ಯೆಯನ್ನು ಹುಡುಕುತ್ತದೆ: ಹಲವು ಕಡೆ ಒಂದೇ ಮಾತು ಕಂಡರೆ ಅದನ್ನು ಹೆಚ್ಚು ನಂಬುತ್ತದೆ. ನೆಲ್‌ನ ನಿರ್ಮಾಪಕರು ಈ ವಿಷಯದಲ್ಲಿ ವಿನಯವಂತರು. ತಮ್ಮ ಯಂತ್ರವು ಕೂಡಿಹಾಕಿದ್ದನ್ನು ಅವರು ‘ನಂಬುಗೆ’ಗಳೆಂದೇ ಕರೆದರು, ಒಂದೊಂದಕ್ಕೂ ಎಷ್ಟರಮಟ್ಟಿಗೆ ನಂಬಬಹುದೆಂಬ ತೂಕವನ್ನು ಕಟ್ಟಿದರು. 2015ರಲ್ಲಿ ಅವರು ಪ್ರಕಟಿಸಿದಂತೆ ಅಂತಹ ನಂಬುಗೆಗಳು 8 ಕೋಟಿ. ತಾನು ನಂಬಿದ್ದಕ್ಕೆಲ್ಲ ಹೀಗೆ ತೂಕ ಕಟ್ಟಿ ನುಡಿಯುವ ಅಭ್ಯಾಸವು ವೇದಿಕೆಯ ಮೇಲೆ ಕುಳಿತ ನಮ್ಮಂಥವರಿಗೂ ಇದ್ದರೆ ಒಳ್ಳೆಯದಿತ್ತು.

ಅನಂತರ ಬಂದ ಯಂತ್ರಗಳು ಬೇರೊಂದು ಜಾಡನ್ನು ಹಿಡಿದವು. ಸಂಗತಿಗಳನ್ನು ಪಟ್ಟಿಮಾಡುವ ಗೋಜಿಗೆ ಅವು ಹೋಗಲಿಲ್ಲ. ಅಪಾರವಾದ ಬರಹವನ್ನು ಓದಿ, ಇಷ್ಟು ಶಬ್ದಗಳಾದ ಮೇಲೆ ಮುಂದಿನ ಶಬ್ದ ಯಾವುದಿರಬಹುದೆಂದು ಊಹಿಸುವುದನ್ನು ಕಲಿತವು. 2020ರಲ್ಲಿ ಪ್ರಕಟವಾದ ‘ಜಿಪಿಟಿ-3’ ಎಂಬ ಅಂತಹ ಯಂತ್ರವ್ಯವಸ್ಥೆಯಲ್ಲಿ ಕಲಿಕೆಯಿಂದ ಹೊಂದಿಸಲ್ಪಟ್ಟ ಅಂಕಿಗಳೇ 17,500 ಕೋಟಿ. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ಯು ಜನಸಾಮಾನ್ಯರ ಕೈಗೆ ಬಂದಮೇಲೆ ಈ ವಿದ್ಯೆಯು ಮನೆಮನೆಗೂ ಹೊಕ್ಕಿತು. ಇವು ಕನ್ನಡದಲ್ಲಿಯೂ ಉತ್ತರ ಕೊಡುತ್ತವೆ, ಪ್ರಬಂಧ ಬರೆಯುತ್ತವೆ, ಭಾಷಾಂತರ ಮಾಡುತ್ತವೆ. ಊಹೆಯ ಬಲದಿಂದಲೇ ಇಷ್ಟು ಸಾಧ್ಯವಾಯಿತೆಂಬುದು ಆಶ್ಚರ್ಯ. ಆದರೆ ಊಹೆಗೆ ಒಂದು ಸ್ವಭಾವವುಂಟು: ಗೊತ್ತಿಲ್ಲದ ಕಡೆಯಲ್ಲಿಯೂ ಅದು ನಿಲ್ಲುವುದಿಲ್ಲ.

ಕಳೆದ ಶ್ರಾವಣ ಮಾಸದ ಪ್ರವಚನದ ಸಂದರ್ಭದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಭಕ್ತರೊಬ್ಬರು ಸಭೆಯಲ್ಲಿ ಮಾತನಾಡಬೇಕಾಗಿತ್ತು. ಅವರು ಬಸವಣ್ಣನವರದೆಂದು ಒಂದು ವಚನವನ್ನು ಬರೆದುಕೊಂಡು ಬಂದು ನಮಗೆ ತೋರಿಸಿದರು. ಕಾಯಕದ ವಿಷಯ, ಮಾತು ನಯವಾಗಿತ್ತು, ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತವೂ ತನ್ನ ಸ್ಥಾನದಲ್ಲಿತ್ತು. ಓದಿದೊಡನೆ ನಮಗೆ ಏಕೋ ಅನುಮಾನ ಬಂದಿತು. “ಎಲ್ಲಿ ಸಿಕ್ಕಿತಪ್ಪಾ ಇದು?” ಎಂದೆವು. “ಯಂತ್ರಕ್ಕೆ ಕೇಳಿದೆ, ಬುದ್ಧಿ, ಅದು ಕೊಟ್ಟಿತು” ಎಂದರು. ಕರ್ನಾಟಕ ಸರಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಮಠದ ಗ್ರಂಥಾಲಯದಲ್ಲಿವೆ. ಮೊದಲ ಸಂಪುಟವೇ ಬಸವಣ್ಣನವರದು. ಇಬ್ಬರೂ ಕುಳಿತು ಹುಡುಕಿದೆವು. ಆ ವಚನ ಅಲ್ಲಿರಲಿಲ್ಲ. ಆ ಭಕ್ತರು ತಮ್ಮ ಕೈಯಲ್ಲಿದ್ದ ಫೋನಿನಲ್ಲಿಯೇ ಯಂತ್ರವನ್ನು ಮತ್ತೆ ವಿಚಾರಿಸಿದರು. ಅದು ವಿನಯದಿಂದ ಕ್ಷಮೆ ಕೇಳಿತು. ಕೇಳಿ, ಬೇರೊಂದು ವಚನವನ್ನು ಕೊಟ್ಟಿತು. ಅದೂ ಅಲ್ಲಿರಲಿಲ್ಲ.

ಆ ಭಕ್ತರ ಮುಖ ಬಾಡಿತು. ನಾವು ಅವರನ್ನು ಆಕ್ಷೇಪಿಸಲಿಲ್ಲ. ಆಕ್ಷೇಪಿಸುವ ಯೋಗ್ಯತೆ ನಮಗಿರಲಿಲ್ಲ. ಏಕೆಂದರೆ ನಮ್ಮ ಚಿಕ್ಕವಯಸ್ಸಿನಲ್ಲಿ, ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ಮಠಕ್ಕೆ ಮರಳಿದ ಹೊಸದರಲ್ಲಿ, ಯಾವ ಯಂತ್ರದ ಸಹಾಯವೂ ಇಲ್ಲದೆ ನಾವೇ ಈ ತಪ್ಪನ್ನು ಮಾಡಿದ್ದೆವು. ಶಿವಾನುಭವ ಗೋಷ್ಠಿಯೊಂದರಲ್ಲಿ ಬಸವಣ್ಣನವರ ಮಾತೆಂದು ಒಂದು ವಾಕ್ಯವನ್ನು ಉಚ್ಚಕಂಠದಿಂದ ಹೇಳಿದೆವು. ಸಭೆ ಮೆಚ್ಚಿ ಚಪ್ಪಾಳೆ ತಟ್ಟಿತು. ರಾತ್ರಿ ಪ್ರಸಾದವಾದ ಮೇಲೆ ಪೂಜ್ಯ ಗುರುಗಳು ನಮ್ಮನ್ನು ಕರೆದು, “ಆ ಮಾತನ್ನು ಎಲ್ಲಿ ಓದಿದಿರಿ?” ಎಂದು ಮಾತ್ರ ಕೇಳಿದರು. ಓದಿರಲಿಲ್ಲ, ಹಲವು ಭಾಷಣಕಾರರ ಬಾಯಲ್ಲಿ ಕೇಳಿದ್ದೆವು. “ಹುಡುಕಿರಿ” ಎಂದರು. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಮೂರು ದಿನ ಹಾಳೆ ಹಾಳೆ ತಿರುವಿದೆವು. ಸಿಗಲಿಲ್ಲ. “ಹಾಗಾದರೆ ಬರುವ ತಿಂಗಳ ಗೋಷ್ಠಿಯಲ್ಲಿ, ಅದೇ ಜನರ ಮುಂದೆ, ಅದೇ ಧ್ವನಿಯಲ್ಲಿ, ಅದು ಬಸವಣ್ಣನವರ ಮಾತಲ್ಲವೆಂದು ಹೇಳಿರಿ” ಎಂದು ಅಪ್ಪಣೆಯಾಯಿತು.

ಆ ಒಂದು ತಿಂಗಳು ನಮಗೆ ಹೇಗೆ ಕಳೆಯಿತೆಂಬುದನ್ನು ಬಣ್ಣಿಸಲಾರೆವು. ಸಭೆಯಲ್ಲಿ ಎದ್ದುನಿಂತಾಗ ನಾಲಗೆ ಒಣಗಿತ್ತು. ಹೇಳಿದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಒಂದು ವಚನವನ್ನು ಉಚ್ಚರಿಸುವ ಮೊದಲು ಆ ಒಣಗಿದ ನಾಲಗೆ ನಮಗೆ ನೆನಪಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿಧಾನವೆಂದು ನಾವು ಓದಿ ಉತ್ತರ ಬರೆದು ಅಂಕ ಪಡೆದಿದ್ದ ವಿಷಯವನ್ನು ಗುರುಗಳು ಆ ದಿನ ನಮ್ಮ ಮೈಗೆ ಇಳಿಸಿದರು.

ವಾಚಕರೆ, ಯಂತ್ರದ ಓದಿಗೂ ಅರಿವಿಗೂ ಇರುವ ಭೇದವು ನಮಗೆ ಇಲ್ಲಿ ಕಾಣುತ್ತದೆ. ತಪ್ಪು ಮಾಡುವುದರಲ್ಲಿ ಭೇದವಿಲ್ಲ. ಯಂತ್ರವೂ ತಪ್ಪುತ್ತದೆ, ನಾವೂ ತಪ್ಪುತ್ತೇವೆ. ಕೇಳಿದ್ದನ್ನು ಕೇಳಿದಂತೆ ನುಡಿಯುವುದರಲ್ಲಿಯೂ ಭೇದವಿಲ್ಲ. ನಮ್ಮಲ್ಲಿ ಅನೇಕರ ಪಾಂಡಿತ್ಯವು ಊಹಿಸುವ ಯಂತ್ರದ ಪಾಂಡಿತ್ಯವೇ. ಭೇದವಿರುವುದು ಹೊಣೆಯಲ್ಲಿ. ಆಡಿದ ಮಾತಿಗೆ ಆಡಿದವನು ತನ್ನನ್ನೇ ಒತ್ತೆಯಿಡುತ್ತಾನೆ. ಮಾತು ಸುಳ್ಳಾದರೆ ಅವನಲ್ಲಿ ಏನೋ ಮುರಿಯುತ್ತದೆ, ಮುರಿದಲ್ಲಿ ಹೊಸದು ಕೂಡಿಕೊಳ್ಳುತ್ತದೆ. ಯಂತ್ರದ ಕ್ಷಮೆಯು ಅದು ಓದಿದ ಲಕ್ಷ ಕ್ಷಮೆಗಳ ಅನುಕರಣ. ಅದಕ್ಕೆ ಬರುವ ತಿಂಗಳ ಸಭೆಯಿಲ್ಲ, ಒಣಗುವ ನಾಲಗೆಯಿಲ್ಲ. ಶರಣರು ಅರಿವನ್ನು ಆಚಾರದಿಂದ ಬಿಡಿಸಿ ಹೇಳಲೇ ಇಲ್ಲ. ನಡೆಯಾಗಿ ಇಳಿಯದ ಅರಿವನ್ನು ಅವರು ಅರಿವೆಂದೇ ಎಣಿಸಲಿಲ್ಲ. ಈ ಅಳತೆಗೋಲಿನಿಂದ ಅಳೆದರೆ ಯಂತ್ರಕ್ಕೆ ಓದು ಉಂಟು, ಅರಿವು ಇಲ್ಲ. ಮತ್ತು ಇದೇ ಅಳತೆಗೋಲು ನಮ್ಮ ಮೇಲೂ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಓದಿಗೆ ಹೊಣೆಯಾಗುವುದೆಂದರೇನೆಂದು ತಿಳಿಯಬೇಕಾದವರು ಫ.ಗು. ಹಳಕಟ್ಟಿಯವರನ್ನು ಸ್ಮರಿಸಬೇಕು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳಲ್ಲಿ ಮಠಮಠಗಳಲ್ಲಿ ಮೂಲೆಗೆ ಬಿದ್ದಿದ್ದ ತಾಡೋಲೆಗಳನ್ನು ಅರಸಿ ತಂದರು; ಓದಿದರು; ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮುದ್ರಣಕ್ಕಾಗಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ಲಿಪಿಕಾರರ ಕೈಯಲ್ಲಿ ಸೇರಿಹೋದ ಪ್ರಕ್ಷಿಪ್ತಗಳನ್ನು ಬೇರ್ಪಡಿಸುವ ಕಾರ್ಯವನ್ನು ಅವರ ಅನಂತರ ಬಂದ ವಿದ್ವಾಂಸರು ದಶಕಗಳ ಕಾಲ ಮುಂದುವರಿಸಿದರು. ಆ ಶ್ರಮದ ಫಲವನ್ನು ಇಂದು ಯಂತ್ರವು ಕ್ಷಣಮಾತ್ರದಲ್ಲಿ ಓದುತ್ತದೆ. ಓದಲಿ, ಅದು ದಾಸೋಹವೇ. ಆದರೆ ಹಳಕಟ್ಟಿಯವರು ಬೇರ್ಪಡಿಸಿದ್ದನ್ನು ನಾವು ಮತ್ತೆ ಬೆರೆಸಬಾರದು.

ಏಕೆಂದರೆ ಆ ಯಂತ್ರಕ್ಕೆ ಪಾಠ ಹೇಳುತ್ತಿರುವವರು ನಾವೇ. ಮುಂಜಾನೆ ಎದ್ದು ಹೂವಿನ ಚಿತ್ರದೊಡನೆ ಬಸವಣ್ಣನವರ ಹೆಸರಿನಲ್ಲಿ ಯಾವುದೋ ಸುಭಾಷಿತವನ್ನು ನೂರು ಜನಕ್ಕೆ ಕಳುಹಿಸುತ್ತೇವೆ; ಯಾರೋ ಅದನ್ನು ಅಂತರಜಾಲಕ್ಕೆ ಏರಿಸುತ್ತಾರೆ; ಸಂಖ್ಯೆಯನ್ನು ನಂಬುವ ಯಂತ್ರವು ಅದನ್ನು ಓದಿ ಬಸವಣ್ಣನವರದೆಂದು ಕಲಿಯುತ್ತದೆ; ನಾಳೆ ನಮ್ಮ ಮೊಮ್ಮಗನು ಕೇಳಿದಾಗ ಅದನ್ನೇ ಕೊಡುತ್ತದೆ. ಯಂತ್ರವು ಬರೆದುದನ್ನು ಮತ್ತೆ ಯಂತ್ರವೇ ಓದುವ ಕಾಲವೂ ಬಂದಿದೆ. ಹೀಗೆ ಯಂತ್ರದ ಬರಹವನ್ನೇ ಓದಿಸುತ್ತ ತಲೆಮಾರಿನಿಂದ ತಲೆಮಾರಿಗೆ ಯಂತ್ರಗಳನ್ನು ತಯಾರಿಸಿದರೆ, ಮೊದಲು ಅಳಿದುಹೋಗುವುದು ಅಪರೂಪದ ಸಂಗತಿಗಳೆಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಇದನ್ನು ನಮ್ಮ ಮನೆಯ ಮಾತಾಗಿ ತಿಳಿಯಿರಿ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಹೆಸರು ಉಳಿದೀತು. ಸೂಳೆ ಸಂಕವ್ವೆ, ಕೊಟ್ಟಣದ ಸೋಮಮ್ಮ ಇವರಂತಹ ಶರಣೆಯರದು ನಮಗೆ ದೊರೆತಿರುವುದು ಒಂದೊಂದೇ ವಚನ. ಎಣಿಕೆಯ ತಕ್ಕಡಿಯಲ್ಲಿ ಒಂದಕ್ಕೆ ತೂಕವೆಲ್ಲಿ? ಅನುಭವ ಮಂಟಪದಲ್ಲಿ ಆ ಒಂದು ಮಾತಿಗೆ ತೂಕವಿತ್ತು. ಅದನ್ನು ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ.

ಇನ್ನು ಬರಹಕ್ಕೆ ಬಾರದ ಅರಿವಿನ ಮಾತು. ಶೂನ್ಯಸಂಪಾದನೆಯಲ್ಲಿ ಅಜಗಣ್ಣನ ಪ್ರಸಂಗವನ್ನು ನೀವು ಓದಿರುವಿರಿ. ಆತನು ತನ್ನ ಭಕ್ತಿಯನ್ನು ಲೋಕಕ್ಕೆ ತೋರದೆ ಗುಪ್ತವಾಗಿಟ್ಟುಕೊಂಡು ಬದುಕಿದವನು. ಆತನು ಬಯಲಾದ ಮೇಲೆ ತಂಗಿ ಮುಕ್ತಾಯಕ್ಕನು ಶೋಕಿಸುತ್ತಿರುವಾಗ ಅಲ್ಲಮಪ್ರಭುಗಳು ಬರುತ್ತಾರೆ. ಮಾತಿಗೆ ಸಿಕ್ಕದ ಅರಿವನ್ನು ಮಾತಿನಿಂದ ಹೇಗೆ ಹಿಡಿಯುವುದೆಂಬುದೇ ಅವರ ಸಂವಾದದ ತಿರುಳು. ಅಜಗಣ್ಣನನ್ನು ಯಾವ ಯಂತ್ರವೂ ಓದಲಾರದು. ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ಬಿತ್ತನೆಗೆ ಹದವಾಯಿತೆಂದು ಹೇಳುವ ರೈತ, ಗಡಿಗೆಯನ್ನು ಬೆರಳಿನಿಂದ ಬಡಿದು ಬೆಂದಿದೆಯೆಂದು ತಿಳಿಯುವ ಕುಂಬಾರ, ಇವರ ಅರಿವಿನ ಬಹುಭಾಗವು ಅಂತರಜಾಲದಲ್ಲಿಲ್ಲ. ಅಲ್ಲಿ ಇಲ್ಲದ್ದು ಲೋಕದಲ್ಲಿಯೇ ಇಲ್ಲವೆಂದು ನಮ್ಮ ಮಕ್ಕಳು ಭಾವಿಸುವ ದಿನ ಬಾರದಿರಲಿ.

ಹಾಗೆಂದು ಯಂತ್ರವನ್ನು ಬಹಿಷ್ಕರಿಸಿರೆಂದು ನಾವು ಹೇಳುವುದಿಲ್ಲ. ಅಚ್ಚಿನ ಯಂತ್ರ ಬಂದಾಗ ಹಳಕಟ್ಟಿಯವರು ಅದನ್ನು ದೂರವಿಡಲಿಲ್ಲ. ಅದನ್ನು ಕಾಯಕಕ್ಕೆ ಹಚ್ಚಿದರು. ನಮ್ಮ ಭಕ್ತರಲ್ಲಿ ಪ್ರಾರ್ಥನೆ ಇಷ್ಟೇ. ಯಂತ್ರವು ಕೊಟ್ಟುದನ್ನು ಉತ್ತರವೆಂದು ಸ್ವೀಕರಿಸದೆ ಸುಳಿವೆಂದು ಸ್ವೀಕರಿಸಿರಿ. ವಚನವೊಂದನ್ನು ಹೇಳುವಾಗ, ಬರೆಯುವಾಗ, ಕಳುಹಿಸುವಾಗ ಅದು ಯಾವ ಸಂಪುಟದ್ದು, ಎಷ್ಟನೆಯದು ಎಂಬುದನ್ನು ಜೊತೆಗಿಡಿರಿ, ತಿಳಿಯದಿದ್ದರೆ ಕಳುಹಿಸಬೇಡಿರಿ. ತಪ್ಪಿದ್ದು ತಿಳಿದರೆ ಎಲ್ಲಿ ತಪ್ಪಿದಿರೋ ಅಲ್ಲಿಯೇ ತಿದ್ದಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಗಣಕವಿದ್ಯೆಯನ್ನು ಬಲ್ಲವರು ಅನೇಕರಿದ್ದೀರಿ. ಶುದ್ಧಪಾಠದ ವಚನಗಳನ್ನು ಆಧಾರಸಹಿತವಾಗಿ ಅಂತರಜಾಲದಲ್ಲಿ ನೆಲೆಗೊಳಿಸುವ ಕಾರ್ಯದಲ್ಲಿ ನೀವು ಕೈಜೋಡಿಸಿದರೆ, ಓದುವ ಯಂತ್ರಕ್ಕೂ ಅದನ್ನು ಕೇಳುವ ಮಗುವಿಗೂ ಉಪಕಾರವಾದೀತು.

ಆ ಇಂಜಿನಿಯರ್ ಭಕ್ತರು ಅಂದಿನ ಸಭೆಯಲ್ಲಿ ಏನು ಮಾಡಿದರೆಂದು ಕೇಳುವಿರಾ? ಸಂಪುಟದಿಂದ ನಿಜವಾದ ವಚನವೊಂದನ್ನು ಆರಿಸಿ ಓದಿದರು. ಓದುವುದಕ್ಕೆ ಮೊದಲು, ತಾವು ತಂದಿದ್ದುದು ಬೇರೆಯಾಗಿತ್ತೆಂಬುದನ್ನೂ, ಅದು ಹೇಗೆ ಸುಳ್ಳಾಯಿತೆಂಬುದನ್ನೂ ನಾವು ಹೇಳದೆಯೇ ತಾವಾಗಿ ಸಭೆಗೆ ತಿಳಿಸಿದರು. ಅವರ ಧ್ವನಿ ಸ್ವಲ್ಪ ನಡುಗಿತು. ವೇದಿಕೆಯ ಮೇಲೆ ಕುಳಿತಿದ್ದ ನಮಗೆ ನಮ್ಮ ಗುರುಗಳ ನೆನಪಾಯಿತು.

ಲಿಂಗಕ್ಕೆ ಅರ್ಪಿತವಾಗದ ಪದಾರ್ಥವನ್ನು ಭಕ್ತನು ಸ್ವೀಕರಿಸುವುದಿಲ್ಲ. ಅರ್ಪಿತವಾದಾಗ ಅದೇ ಪದಾರ್ಥವು ಪ್ರಸಾದವಾಗುತ್ತದೆ. ಓದಿದ್ದೆಲ್ಲ ಪದಾರ್ಥ. ಅದನ್ನು ಸತ್ಯದ ಮುಂದಿಟ್ಟು, ಅದಕ್ಕೆ ತಾನು ಹೊಣೆಯೆಂದು ಒಪ್ಪಿಕೊಂಡು ಸ್ವೀಕರಿಸಿದಾಗ ಮಾತ್ರ ಅದು ಅರಿವಾಗುತ್ತದೆ. ಅಂತಹ ಅರಿವು ನಮಗೂ ನಿಮಗೂ ಗುರುಕರುಣೆಯಿಂದ ದೊರೆಯಲೆಂದು ಹಾರೈಸುತ್ತೇವೆ.